ಅರ್ಧದಷ್ಟು ಸದ್ದು ಸಾಕು ಎಂದ ಕಿವಿ

ಹಿಯರಿಂಗ್ ಏಡ್‌ನ ಚರಿತ್ರೆ ಹೇಳುವವರು ಅದು ಚಿಕ್ಕದಾಗುತ್ತಾ ಬಂದ ಕಥೆಯನ್ನೇ ಹೇಳುತ್ತಾರೆ. ಮೊದಲು ಕಹಳೆಯಂಥ ತಗಡಿನ ಕೊಳವೆ, ಆಮೇಲೆ ಎದೆಗೆ ನೇತುಹಾಕಿಕೊಳ್ಳುವ ವಾಲ್ವ್ ಪೆಟ್ಟಿಗೆ, 1952ರ ಕೊನೆಗೆ ಟ್ರಾನ್ಸಿಸ್ಟರ್, 1996ರ ಹೊತ್ತಿಗೆ ಡಿಜಿಟಲ್. ಆದರೆ ಕೊಂಡ ಮಿಷನ್ನು ಕಿವಿಯಲ್ಲಿ ಉಳಿಯುತ್ತದೋ ಕಪಾಟು ಸೇರುತ್ತದೋ ಎನ್ನುವುದನ್ನು ತೀರ್ಮಾನಿಸುವ ಚರಿತ್ರೆ ಬೇರೆಯೇ ಇದೆ. ಅದು ಮಿಷನ್ನನ್ನು ಒಂದೊಂದು ಕಿವಿಗೂ ಹೊಂದಿಸಲು ಕಲಿತವರ ಕಥೆ.

ಎರಡನೇ ಮಹಾಯುದ್ಧದಲ್ಲಿ ಕಿವಿ ಕೆಟ್ಟ ಸೈನಿಕರು ಅಮೆರಿಕದ ಪೆನ್ಸಿಲ್ವೇನಿಯಾದ ಡೆಶಾನ್ ಸೇನಾ ಆಸ್ಪತ್ರೆಗೆ ಬರುತ್ತಿದ್ದರು. ಅಲ್ಲಿ ರೇಮಂಡ್ ಕಾರ್‌ಹಾರ್ಟ್ ಪ್ರತಿಯೊಬ್ಬನಿಗೂ ಬೇರೆ ಬೇರೆ ಮಿಷನ್ನು ಹಾಕಿ ನೋಡುತ್ತಿದ್ದರು. ಪದಗಳನ್ನು ಕೇಳಿಸಿ ಎಷ್ಟು ಸರಿಯಾಗಿ ತಿರುಗಿ ಹೇಳುತ್ತಾನೆ, ಗದ್ದಲದ ನಡುವೆ ಎಷ್ಟು ತಡೆದುಕೊಳ್ಳುತ್ತಾನೆ ಎಂದು ಹೋಲಿಸುತ್ತಿದ್ದರು. ಈ ವಿಧಾನವನ್ನು ಅವರು 1946ರಲ್ಲಿ ಪ್ರಕಟಿಸಿದರು. ನಿಧಾನದ ಕೆಲಸ, ಆದರೆ ತೀರ್ಪು ಹಾಕಿಕೊಂಡವನದ್ದೇ.

ಮರುವರ್ಷವೇ ಹಾರ್ವರ್ಡ್‌ನ ಸಂಶೋಧಕರು ಇಷ್ಟೆಲ್ಲ ಬೇಕಿಲ್ಲ ಎಂದರು. ಎಲ್ಲ ಸ್ವರಗಳನ್ನೂ ಒಂದೇ ಸಮನಾಗಿ, ಇಲ್ಲವೇ ಎತ್ತರದ ಸ್ವರಗಳನ್ನು ತುಸು ಹೆಚ್ಚಾಗಿ ಏರಿಸುವ ಒಂದೇ ಮಾದರಿ ಬಹುತೇಕರಿಗೆ ಸಾಕು ಎಂಬುದು ಅವರ ವರದಿ. ಬ್ರಿಟನ್ ಕೂಡ ಅದೇ ಹಾದಿ ಹಿಡಿದು, 1948ರಲ್ಲಿ ಶುರುವಾದ ಸರ್ಕಾರಿ ಆರೋಗ್ಯ ಸೇವೆಯಲ್ಲಿ ‘ಮೆಡ್ರೆಸ್ಕೊ’ ಮಿಷನ್ನನ್ನು ಪುಕ್ಕಟೆ ಹಂಚಿತು. ದುಡ್ಡಿಲ್ಲದವರ ಕಿವಿಗೂ ಮಾತು ತಲುಪಿಸಿದ ದೊಡ್ಡ ಕೆಲಸ ಅದು. ಆದರೂ ಎಲ್ಲರ ಕಿವಿಯೂ ಒಂದೇ ಎಂಬ ನಂಬಿಕೆ ಸುಳ್ಳೆಂದು ಗೊತ್ತಾಗಲು ಬಹಳ ವರ್ಷ ಹಿಡಿಯಿತು.

ಸುಳಿವು ಮೊದಲೇ ಸಿಕ್ಕಿತ್ತು. 1944ರಲ್ಲಿ ಸ್ಯಾಮ್ಯುಯೆಲ್ ಲೈಬಾರ್ಗರ್ ಎಂಬ ಎಂಜಿನಿಯರ್ ಒಂದು ವಿಚಿತ್ರವನ್ನು ಗುರುತಿಸಿದರು. 60 ಡೆಸಿಬಲ್ ಕೇಳ್ಮೆ ಕಳೆದುಕೊಂಡವರು ತಾವಾಗಿ ಇಟ್ಟುಕೊಳ್ಳುವ ಸದ್ದಿನ ಏರಿಕೆ ಹತ್ತಿರ ಹತ್ತಿರ 30 ಡೆಸಿಬಲ್ ಮಾತ್ರ. ಕಳೆದುಕೊಂಡದ್ದರಲ್ಲಿ ಅರ್ಧ! ಮನೆಯಲ್ಲಿ ಅಜ್ಜಿ ಇದ್ದವರಿಗೆ ಇದು ಅರ್ಥವಾಗುತ್ತದೆ. ಮೆಲ್ಲಗೆ ಹೇಳಿದರೆ ‘ಏನಂದೆ?’, ಜೋರಾಗಿ ಹೇಳಿದರೆ ‘ಯಾಕೋ ಕಿರುಚ್ತೀಯ?’ ಕಿವಿಯೊಳಗಿನ ಹೊರಗೂದಲ ಕೋಶಗಳು ಸತ್ತಾಗ ಸಣ್ಣ ಸದ್ದು ಕೇಳುವುದು ನಿಲ್ಲುತ್ತದೆ, ಆದರೆ ದೊಡ್ಡ ಸದ್ದು ನೋಯಿಸುವ ಮಟ್ಟ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಈ ಇಕ್ಕಟ್ಟಿನ ಜಾಗದಲ್ಲೇ ಇಡೀ ಮಾತನ್ನು ಕೂರಿಸಬೇಕು. ಮೆಲುದನಿಯನ್ನು ಹೆಚ್ಚು, ಜೋರುದನಿಯನ್ನು ಕಡಿಮೆ ಏರಿಸುವ ಇಂದಿನ ಮಿಷನ್ನುಗಳ ಗುಣ ಹುಟ್ಟಿದ್ದು ಈ ಅಗತ್ಯದಿಂದ.

ಅರ್ಧದ ಲೆಕ್ಕವನ್ನು ಸ್ವರ ಸ್ವರಕ್ಕೂ ಬಿಡಿಸಿ ಬರೆದವರು ಸಿಡ್ನಿಯ ನ್ಯಾಷನಲ್ ಅಕೌಸ್ಟಿಕ್ ಲ್ಯಾಬೊರೇಟರೀಸ್‌ನವರು. ರುಬೆಲ್ಲಾದಿಂದ ಕಿವುಡಾಗಿ ಹುಟ್ಟಿದ ಮಕ್ಕಳಿಗೂ ಯುದ್ಧದಿಂದ ಮರಳಿದ ಸೈನಿಕರಿಗೂ ನೆರವಾಗಲು 1947ರಲ್ಲಿ ಹುಟ್ಟಿದ ಸಂಸ್ಥೆ ಅದು. ಅಲ್ಲಿನ ಡೆನಿಸ್ ಬರ್ನ್ ಮತ್ತು ಸಂಗಡಿಗರ 1976ರ ಸೂತ್ರ 1986ರಲ್ಲಿ ತಿದ್ದುಪಡಿಯಾಯಿತು. ಅದರ ವಂಶದ ಸೂತ್ರವೇ ಇಂದು ಜಗತ್ತಿನ ಬಹಳಷ್ಟು ಕ್ಲಿನಿಕ್ಕುಗಳ ಕಂಪ್ಯೂಟರಿನಲ್ಲಿದೆ.

ಸೂತ್ರ ಹೇಳಿದಷ್ಟು ಸದ್ದು ಕಿವಿತಮಟೆಯವರೆಗೆ ನಿಜವಾಗಿ ತಲುಪಿತೇ? ಸುಮಾರು ಎರಡೂವರೆ ಸೆಂಟಿಮೀಟರಿನ ಕಿವಿನಾಳ ಒಬ್ಬೊಬ್ಬರದು ಒಂದೊಂದು ಥರ. ಮಗುವಿನ ಪುಟ್ಟ ನಾಳದಲ್ಲಿ ಅದೇ ಮಿಷನ್ನು ಹೆಚ್ಚು ಜೋರಾಗುತ್ತದೆ. 1980ರ ದಶಕದಲ್ಲಿ ಬಂದ ಎಳೆಯಂಥ ಮೆದು ನಳಿಕೆಯನ್ನು ತಮಟೆಯ ಹತ್ತಿರಕ್ಕೆ ತೂರಿಸಿ ಅಲ್ಲಿಯೇ ಅಳೆಯುವುದು ಸಾಧ್ಯವಾಯಿತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದೇ ದೊಡ್ಡ ಹೆಜ್ಜೆ.

ಕಾರ್‌ಹಾರ್ಟ್ ಬಳಸಿದ್ದು ಇಂಗ್ಲಿಷ್ ಪದಗಳನ್ನು. ಕನ್ನಡದ ಕಿವಿಯನ್ನು ಅವುಗಳಿಂದ ಅಳೆಯಲಾಗದು. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಒಂದೇ ಅಕ್ಷರದವು ಅಪರೂಪ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಕೊರತೆ ತುಂಬುವ ಕೆಲಸ ನಡೆಯಿತು. ಆಶಾ ಯತಿರಾಜ್ ಮತ್ತು ವಿಜಯಲಕ್ಷ್ಮಿ 2005ರಲ್ಲಿ ಎರಡಕ್ಷರದ ಕನ್ನಡ ಪದಪಟ್ಟಿಗಳನ್ನು ಸಿದ್ಧಪಡಿಸಿದರು. ಹಳ್ಳಿಯಿಂದ ಬಂದ ಹಿರಿಯರು ತಮ್ಮದೇ ಮಾತಿನಲ್ಲಿ ಪರೀಕ್ಷೆ ಕೊಡುವುದು ದೊಡ್ಡ ನ್ಯಾಯ.

ಇಷ್ಟಾದ ಮೇಲೂ ಮೊದಲ ದಿನದ ಹೊಂದಿಕೆ ಕೊನೆಯದಲ್ಲ. ಕುಕ್ಕರಿನ ಸೀಟಿ ಚುಚ್ಚುತ್ತದೆ ಎಂದರೆ ಎತ್ತರದ ಸ್ವರಗಳ ಗರಿಷ್ಠ ಮಿತಿ ಇಳಿಸಬೇಕು. ತನ್ನ ದನಿಯೇ ಕೊಡದೊಳಗಿಂದ ಬಂದಂತಿದೆ ಎಂದರೆ, ಕಿವಿಯೊಳಗೆ ಕೂರುವ ಅಚ್ಚಿನಲ್ಲಿ ಗಾಳಿಯಾಡುವ ರಂಧ್ರ ಹಿಗ್ಗಿಸಬೇಕು. ಕುಂಯ್‌ಗುಟ್ಟುತ್ತಿದ್ದರೆ ಅಚ್ಚು ಸಡಿಲವಿದೆ, ಇಲ್ಲವೇ ಕಿವಿಯಲ್ಲಿ ಗುಗ್ಗೆ ತುಂಬಿದೆ. ಕಿವಿ ಹುಣ್ಣಾಗುತ್ತಿದ್ದರೆ ಸಹಿಸುವುದು ಬೇಡ, ಅಚ್ಚನ್ನು ಉಜ್ಜಿ ಸರಿಮಾಡಿಸಬೇಕು. ಎಷ್ಟೋ ವರ್ಷ ಸದ್ದಿಲ್ಲದೆ ಇದ್ದ ಮಿದುಳಿಗೆ ಫ್ಯಾನಿನ ಸದ್ದೂ ಹೊಸದು. ಅದು ಒಗ್ಗಲು ಕೆಲವು ವಾರ ಬೇಕು, ಆ ವಾರಗಳಲ್ಲಿ ಆಡಿಯಾಲಜಿಸ್ಟ್ ಹತ್ತಿರ ಮತ್ತೆ ಹೋಗಲೇಬೇಕು. ಅಪ್ಪ ಅಮ್ಮನಿಗೆ ಮಿಷನ್ನು ಕೊಳ್ಳುವವರು ಬೆಲೆಯ ಜೊತೆಗೆ ಎರಡು ಮಾತು ಕೇಳಿ: ಕಿವಿಯೊಳಗೆ ನಳಿಕೆ ಇಟ್ಟು ಅಳೆಯುತ್ತೀರಾ? ಮತ್ತೆ ಬಂದರೆ ಹೊಂದಿಸಿ ಕೊಡುತ್ತೀರಾ? ನಳಿಕೆಯ ಪರೀಕ್ಷೆಗೆ ಕೆಲವೇ ನಿಮಿಷ ಸಾಕು.