ಬಿಯರಿನಲ್ಲಿ ಮರ, ಬಿಯರಿನಲ್ಲಿ ಚಹಾ: ಆ ಒಗರಿನ ಗುಟ್ಟೇನು?

ಬಿಯರ್ ಮಾಡಲು ಬೇಕಾದದ್ದು ನಾಲ್ಕೇ ವಸ್ತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ನೀರು, ಕಹಿಗಾಗಿ ಹಾಪ್ಸ್ ಹೂವು, ಹುದುಗಿಸಲು ಯೀಸ್ಟ್. ಹೀಗಿರುವಾಗ ಬಿಯರಿಗೆ ಚಹಾ ಹಾಕುತ್ತಾರೆ, ಮರದ ವಾಸನೆ ಹಿಡಿಸುತ್ತಾರೆ ಎಂದರೆ ಯಾರಿಗಾದರೂ ಅಚ್ಚರಿಯಾದೀತು. ಆದರೆ ಇದು ನಿಜ. ಅಮೆರಿಕದ ಡೆಲವೇರ್ ರಾಜ್ಯದ ‘ಡಾಗ್‌ಫಿಶ್ ಹೆಡ್’ ಎಂಬ ಕಂಪನಿ 2009ರಲ್ಲಿ ‘ಸಾಹ್‌ಟೀ’ ಹೆಸರಿನ ಇಂಥದೊಂದು ಬಿಯರನ್ನು ಹೊರತಂದಿತ್ತು.

ಇದರ ರುಚಿ ಹೇಗಿರುತ್ತದೆ? ಉತ್ತರ ಹುಡುಕುತ್ತಾ ಹೊರಟರೆ ಬಂದು ನಿಲ್ಲುವುದು ಎಲೆಅಡಿಕೆ ತಟ್ಟೆಯ ಮುಂದೆ, ನೀಲಗಿರಿಯ ಚಹಾ ತೋಟದ ಮುಂದೆ!

ಮರದ ತೊಟ್ಟಿಯ ಫಿನ್ಲೆಂಡ್ ಬಿಯರ್

‘ಸಾಹ್‌ಟೀ’ ಎಂಬುದು ಎರಡು ಪದಗಳ ಜೋಡಣೆ. ಒಂದು ‘ಸಾಹ್ತಿ’, ಇನ್ನೊಂದು ‘ಟೀ’. ಸಾಹ್ತಿ ಎಂದರೆ ಫಿನ್ಲೆಂಡಿನ ಹಳ್ಳಿಗಳಲ್ಲಿ ತಲೆತಲಾಂತರದಿಂದ ಮನೆಯಲ್ಲೇ ಮಾಡುತ್ತಾ ಬಂದ ಬಿಯರ್. ಆಸ್ಪೆನ್ ಮರದ ದಿಮ್ಮಿಯನ್ನು ದೋಣಿಯಂತೆ ಕೊರೆದು ತೊಟ್ಟಿ ಮಾಡುತ್ತಾರೆ. ಇದಕ್ಕೆ ಅಲ್ಲಿ ‘ಕೂರ್ನಾ’ ಎಂದು ಹೆಸರು. ಅದರ ತಳಕ್ಕೆ ಜುನಿಪರ್ ಗಿಡದ ರೆಂಬೆಗಳನ್ನು ಹಾಸಿ, ಧಾನ್ಯದ ಬಿಸಿ ಗಂಜಿಯನ್ನು ಅದರ ಮೇಲೆ ಸುರಿದು ಸೋಸುತ್ತಾರೆ. ಸೋಸುವಾಗಲೇ ರೆಂಬೆಯ ಪರಿಮಳ ರಸಕ್ಕೆ ಇಳಿಯುತ್ತದೆ. ಹುದುಗಿಸಲು ಬ್ರೆಡ್ ಮಾಡುವ ಯೀಸ್ಟೇ ಸಾಕು. ಈ ಸಾಂಪ್ರದಾಯಿಕ ವಿಧಾನಕ್ಕೆ 2002ರಲ್ಲಿ ಐರೋಪ್ಯ ಒಕ್ಕೂಟದ ಮಾನ್ಯತೆಯೂ ಸಿಕ್ಕಿತು.

ಅಮೆರಿಕದವರು ಇದಕ್ಕೆ ತಮ್ಮದೊಂದಿಷ್ಟು ಸೇರಿಸಿದರು. ಬೆಂಕಿಯಲ್ಲಿ ಕಾಯಿಸಿದ ಹೊಳೆಗಲ್ಲುಗಳನ್ನು ರಸಕ್ಕೆ ಹಾಕಿ ಸಕ್ಕರೆಯ ಅಂಶವನ್ನು ಸ್ವಲ್ಪ ಕಂದಿಸಿದರು. ಫಿನ್ಲೆಂಡಿನ ಜುನಿಪರ್ ಕಾಯಿ ಹಾಕಿದರು. ಜೊತೆಗೆ ಕಪ್ಪು ಚಹಾ, ಏಲಕ್ಕಿ, ಕೊತ್ತಂಬರಿ ಬೀಜ, ಶುಂಠಿ, ಲವಂಗ, ಕರಿಮೆಣಸು. ಅಂದರೆ ಹೆಚ್ಚುಕಡಿಮೆ ಮಸಾಲೆ ಚಹಾ! ಹುದುಗಿಸಲು ಬಳಸಿದ ಜರ್ಮನ್ ಯೀಸ್ಟ್ ತಾನಾಗಿಯೇ ಬಾಳೆಹಣ್ಣು ಮತ್ತು ಲವಂಗದ ವಾಸನೆ ಕೊಡುವಂಥದ್ದು.

ಪೀಪಾಯಿ ಏನು ಕೊಡುತ್ತದೆ?

ಮರದ ರುಚಿ ಬರಿಸುವ ಇನ್ನೊಂದು ದಾರಿ ಓಕ್ ಮರದ ಪೀಪಾಯಿ. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ವಿಸ್ಕಿಯನ್ನು ಒಳಭಾಗ ಸುಟ್ಟು ಕರಿಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಒಮ್ಮೆ ಬಳಸಿದ್ದನ್ನು ಅದಕ್ಕೆ ಮತ್ತೆ ಬಳಸುವಂತಿಲ್ಲ. ಹೀಗೆ ಮೂಲೆ ಸೇರಿದ ಪೀಪಾಯಿಗಳನ್ನು ಬಿಯರ್ ತಯಾರಕರು ಕೊಂಡು ತುಂಬುತ್ತಾರೆ.

ಸ್ಕಾಟ್ಲೆಂಡಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. ವಿಸ್ಕಿಗೆ ಬಿಯರಿನ ಛಾಯೆ ಬರಲೆಂದು ಅಲ್ಲಿನ ಒಂದು ಕಂಪನಿ ಪೀಪಾಯಿಗಳಲ್ಲಿ ಮೊದಲು ಬಿಯರ್ ತುಂಬಿ ಹದಗೊಳಿಸುತ್ತಿತ್ತು. ಆಮೇಲೆ ಆ ಬಿಯರನ್ನು ಚೆಲ್ಲುತ್ತಿದ್ದರು. ಚೆಲ್ಲುವ ಬಿಯರೇ ರುಚಿಯಾಗಿದೆ ಎಂಬುದು ಕೆಲಸಗಾರರ ನಾಲಿಗೆಗೆ ಗೊತ್ತಾಯಿತು! 2003ರಲ್ಲಿ ಆರಂಭವಾದ ‘ಇನ್ನಿಸ್ ಅಂಡ್ ಗನ್’ ಬಿಯರಿನ ಹುಟ್ಟುಕಥೆ ಇದು.

ಓಕ್ ಮರವನ್ನು ಕಾಯಿಸಿದಾಗ ಅದರೊಳಗಿನ ಲಿಗ್ನಿನ್ ಒಡೆದು ವೆನಿಲ್ಲಾ ಪರಿಮಳದ ವೆನಿಲಿನ್ ಹುಟ್ಟುತ್ತದೆ. ಓಕ್ ಲ್ಯಾಕ್ಟೋನ್ ಎಂಬ ಅಂಶ ತೆಂಗಿನಕಾಯಿಯ ವಾಸನೆ ಕೊಡುತ್ತದೆ. ಲವಂಗದಲ್ಲಿರುವ ಯೂಜೆನಾಲ್ ಓಕ್‌ನಲ್ಲೂ ಇದೆ. ಇವೆಲ್ಲ ಮೂಗಿಗೆ ಸಂಬಂಧಿಸಿದವು. ನಾಲಿಗೆಗೆ ಮರ ಕೊಡುವುದು ಬೇರೆಯೇ ಒಂದು. ಅದೇ ಒಗರು.

ಒಗರು ಎಂದರೇನು?

ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು: ಷಡ್ರಸ ಎಂದು ಮಕ್ಕಳೂ ಎಣಿಸುತ್ತಾರೆ. ವಿಜ್ಞಾನಿಗಳ ರುಚಿಪಟ್ಟಿಯಲ್ಲಿ ಒಗರು ಸಾಮಾನ್ಯವಾಗಿ ಸೇರುವುದಿಲ್ಲ. ಅವರ ಪ್ರಕಾರ ಅದು ಬಹುಮಟ್ಟಿಗೆ ಸ್ಪರ್ಶ. ಜೊಲ್ಲಿನಲ್ಲಿರುವ ಪ್ರೋಟೀನುಗಳು ಬಾಯಿಯನ್ನು ಜಾರುವಂತೆ ಇಟ್ಟಿರುತ್ತವೆ. ಟ್ಯಾನಿನ್ ಜಾತಿಯ ವಸ್ತುಗಳು ಈ ಪ್ರೋಟೀನನ್ನು ಹಿಡಿದು ಗಟ್ಟಿಮಾಡುತ್ತವೆ. ಜಾರಿಕೆ ಹೋಗಿ ಬಾಯಿ ಒರಟಾಗುತ್ತದೆ, ಕೆನ್ನೆಯ ಒಳಭಾಗ ಬಿಗಿದಂತಾಗುತ್ತದೆ. ಎಳೆ ಅಡಿಕೆ, ನೇರಳೆಹಣ್ಣು, ಗೇರುಹಣ್ಣು ತಿಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಹಿಗೂ ಒಗರಿಗೂ ವ್ಯತ್ಯಾಸ ಇಲ್ಲೇ ಇದೆ. ಕಹಿ ನಾಲಿಗೆಗೆ ಗೊತ್ತಾಗುವ ರುಚಿ, ಒಗರು ಇಡೀ ಬಾಯಿಗೆ ಗೊತ್ತಾಗುವ ಬಿಗಿತ. ಬಿಯರಿನಲ್ಲಿ ಕಹಿ ಬರುವುದು ಮುಖ್ಯವಾಗಿ ಹಾಪ್ಸಿನಿಂದ. ಚಹಾ ಮತ್ತು ಮರ ಮುಖ್ಯವಾಗಿ ಸೇರಿಸುವುದು ಒಗರನ್ನು. ಹೊಸದಾಗಿ ಬಿಯರ್ ರುಚಿ ನೋಡುವವರು ಎರಡನ್ನೂ ‘ಕಹಿ’ ಎಂದೇ ಬರೆದುಬಿಡುವುದುಂಟು. ಕನ್ನಡದ ನಾಲಿಗೆಗೆ ಆ ಗೊಂದಲ ಇರಬೇಕಾಗಿಲ್ಲ, ಎರಡಕ್ಕೂ ಬೇರೆ ಬೇರೆ ಪದವಿದೆ.

ಇನ್ನೊಂದು ಸಂಗತಿ. ಎಲೆಅಡಿಕೆಗೆ ಹಾಕುವ ಕಾಚು ಬರುವುದು ಕಗ್ಗಲಿ ಮರದ ಚೇಗಿನಿಂದ. ಚೇಗನ್ನು ಚೂರುಮಾಡಿ ನೀರಿನಲ್ಲಿ ಕುದಿಸಿ, ಬತ್ತಿಸಿ ಕಾಚು ತೆಗೆಯುತ್ತಾರೆ. ಇಂಗ್ಲಿಷಿನಲ್ಲಿ ಕಾಚಿಗೆ ‘ಕ್ಯಾಟೆಚು’ ಎಂದು ಹೆಸರು. ಅದರಲ್ಲಿ ದೊರೆತ ವಸ್ತುವಿಗೆ ವಿಜ್ಞಾನಿಗಳು ‘ಕ್ಯಾಟೆಚಿನ್’ ಎಂದು ಹೆಸರಿಟ್ಟರು. ಚಹಾ ಎಲೆಯ ಒಗರಿಗೆ ಕಾರಣವೂ ಇದೇ ಕ್ಯಾಟೆಚಿನ್ ಕುಟುಂಬ! ಓಕ್ ಮರದ ಟ್ಯಾನಿನ್ನಿನ ರಚನೆ ಬೇರೆ, ಆದರೆ ಬಾಯಲ್ಲಿ ಮಾಡುವ ಕೆಲಸ ಒಂದೇ. ಮರ ಮತ್ತು ಚಹಾ ಒಂದೇ ಲೋಟದಲ್ಲಿ ಹೊಂದಿಕೊಳ್ಳುವುದು ಆಕಸ್ಮಿಕವಲ್ಲ.

ರುಚಿ ನೋಡುವ ಕ್ರಮ

ಕುನ್ನೂರಿನ ಹರಾಜಿಗೆ ಬರುವ ಚಹಾಪುಡಿಯನ್ನು ನುರಿತ ರುಚಿಗಾರರು ಮೊದಲು ಪರೀಕ್ಷಿಸುತ್ತಾರೆ. ಅಂತರರಾಷ್ಟ್ರೀಯ ಮಾನಕದಂತೆ 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಪುಡಿ, 6 ನಿಮಿಷ. ರುಚಿಗಾರರು ಚಮಚದಿಂದ ಸುರ್ರೆಂದು ಹೀರಿ, ಬಾಯಿತುಂಬ ಹರಡಿಸಿ, ಉಗುಳುತ್ತಾರೆ. ಗಾಳಿಯೊಡನೆ ಹೀರಿದಾಗ ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ.

ಬಿಯರಿನ ಕ್ರಮವೂ ಹತ್ತಿರ ಹತ್ತಿರ ಹೀಗೆಯೇ. ಮೊದಲು ಬಣ್ಣ, ನೊರೆ. ನಂತರ ವಾಸನೆ. ಆಮೇಲೆ ಸಣ್ಣ ಗುಟುಕು. ತೀರಾ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ, ಹಾಗಾಗಿ ಸ್ವಲ್ಪ ಬಿಸಿಯೇರಲು ಬಿಡುತ್ತಾರೆ. ಕೊನೆಯದಾಗಿ ನೋಡುವುದು ಬಾಯಲ್ಲಿ ಉಳಿದದ್ದೇನು ಎಂಬುದನ್ನು. ಒಗರು ಹಿತವಾಗಿದ್ದರೆ ಸಿಹಿಯನ್ನು ಕತ್ತರಿಸಿ ಬಾಯಿಯನ್ನು ಚೊಕ್ಕಟಗೊಳಿಸುತ್ತದೆ. ಹೆಚ್ಚಾದರೆ ಹಲಗೆ ನೆಕ್ಕಿದಂತೆ! ಅದಕ್ಕೇ ಕೆಲವು ತಯಾರಕರು ಚಹಾ ಎಲೆಯನ್ನು ತಣ್ಣೀರಿನಲ್ಲಿ ನೆನೆಸಿ ಬಳಸುತ್ತಾರೆ. ತಣ್ಣೀರಿಗೆ ಒಗರು ಕಡಿಮೆ ಇಳಿಯುತ್ತದೆ.

ಮನೆಯಲ್ಲೇ ಪರೀಕ್ಷೆ

ಇದನ್ನು ತಿಳಿಯಲು ಬಿಯರ್ ಬೇಕಾಗಿಲ್ಲ. ಒಂದೇ ಪುಡಿಯಿಂದ ಹಾಲು, ಸಕ್ಕರೆ ಇಲ್ಲದೆ ಮೂರು ಲೋಟ ಚಹಾ ಮಾಡಿ. ಒಂದನ್ನು ಬಿಸಿನೀರಿನಲ್ಲಿ 2 ನಿಮಿಷ, ಇನ್ನೊಂದನ್ನು 10 ನಿಮಿಷ ಬಿಡಿ. ಮೂರನೆಯದನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ. ಒಗರಿನ ವ್ಯತ್ಯಾಸ ಗುಟುಕಿಗೇ ಗೊತ್ತಾಗುತ್ತದೆ. ಈಗ 10 ನಿಮಿಷದ ಲೋಟಕ್ಕೆ ಒಂದು ಚಮಚ ಹಾಲು ಹಾಕಿ. ಒಗರು ಇಳಿಯುತ್ತದೆ. ಹಾಲಿನ ಪ್ರೋಟೀನ್ ಟ್ಯಾನಿನ್ನನ್ನು ಹಿಡಿದುಕೊಂಡಿತು, ಜೊಲ್ಲಿನ ಪ್ರೋಟೀನ್ ಉಳಿಯಿತು!

ನೀಲಗಿರಿಯಲ್ಲಿ ಬಡಗರೂ ಸೇರಿದಂತೆ ಸಾವಿರಾರು ಸಣ್ಣ ಬೆಳೆಗಾರರಿಗೆ ಈ ಒಗರು ಬರಿಯ ಕುತೂಹಲದ ವಿಷಯವಲ್ಲ. ಕುಡಿ ಮತ್ತು ಎಳೆಯ ಎರಡು ಎಲೆಗಳಲ್ಲಿ ಕ್ಯಾಟೆಚಿನ್, ಕೆಫೀನ್ ಎರಡೂ ಹೆಚ್ಚು. ಬಲಿತ ಎಲೆ ಸೇರಿದಷ್ಟೂ ಚಹಾ ಚಪ್ಪೆ. ರುಚಿಗಾರ ಹುಡುಕುವ ಚುರುಕುತನದ ಹಿಂದೆ ಇರುವುದು ಈ ಒಗರೇ. ತೋಟದಲ್ಲಿ ಬೆರಳು ಮಾಡಿದ ಆಯ್ಕೆಗೆ ಹರಾಜಿನಲ್ಲಿ ನಾಲಿಗೆ ಬೆಲೆ ಕಟ್ಟುತ್ತದೆ.

ಪರಿಮಳದ ಹಿಂದಿನ ಅಪಾಯ

ಬೆಂಗಳೂರಿನಲ್ಲಿ 2010ರ ದಶಕದಿಂದ ಸ್ಥಳದಲ್ಲೇ ಬಿಯರ್ ತಯಾರಿಸುವ ಅಂಗಡಿಗಳು ಹೆಚ್ಚಿವೆ. ಗಡಿಯೂರುಗಳಿಂದ ಕೆಲಸಕ್ಕೆ ಹೋದ ಯುವಕರಿಗೆ ಇಂಥ ಪರಿಮಳದ ಬಿಯರುಗಳು ಹೊಸತಲ್ಲ. ಒಂದು ಮಾತು ನೆನಪಿರಲಿ. ‘ಸಾಹ್‌ಟೀ’ಯಲ್ಲಿದ್ದ ಮದ್ಯಸಾರ ಶೇ. 9. ಶೇ. 5ರ ಬಿಯರಿನ 330 ಮಿಲಿಲೀಟರಿನಲ್ಲಿ ಸುಮಾರು 13 ಗ್ರಾಂ ಮದ್ಯಸಾರ ಇದ್ದರೆ, ಶೇ. 9ರದ್ದರಲ್ಲಿ ಸುಮಾರು 23 ಗ್ರಾಂ. ಏಲಕ್ಕಿ, ಲವಂಗ, ಮರದ ಪರಿಮಳದ ನಡುವೆ ಈ ಖಾರ ಅಡಗಿಬಿಡುತ್ತದೆ. ಮದ್ಯದಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಲೋಟದ ವಾಸನೆ ಚಹಾದ್ದಾದರೂ ಒಳಗಿರುವುದು ಮದ್ಯವೇ.

ಒಗರಿನ ರುಚಿ ಅರಿಯಲು ಆ ಲೋಟವೇ ಬೇಕೆಂದಿಲ್ಲ. ಹಾಲು ಹಾಕದ ಒಂದು ಲೋಟ ನೀಲಗಿರಿ ಚಹಾ ಸಾಕು.