ಇಪ್ಪತ್ತಮೂರು ಕಂತು, ಒಂದು ಗಜಲು

ಹಿಂದಿ ಧಾರಾವಾಹಿ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ 2000ದಿಂದ 2008ರವರೆಗೆ ಓಡಿತು. ಕಂತುಗಳು 1,833. ಪಾಕಿಸ್ತಾನದ ಹಮ್ ಟಿವಿಯ ‘ಹಮ್‌ಸಫರ್’ 2011ರ ಸೆಪ್ಟೆಂಬರಿನಲ್ಲಿ ಶುರುವಾಗಿ 2012ರ ಮಾರ್ಚಿನಲ್ಲಿ ಮುಗಿಯಿತು. ಕಂತುಗಳು 23. ನಮ್ಮ ಒಂದು ಅತ್ತೆ-ಸೊಸೆ ಕಥೆ ಮುಗಿಯುವಷ್ಟರಲ್ಲಿ ಅವರ ಎಪ್ಪತ್ತೊಂಬತ್ತು ಕಥೆಗಳು ಹುಟ್ಟಿ, ಅತ್ತು, ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದವು.

ಇಷ್ಟು ಗಿಡ್ಡ ಕಥೆಗೆ ಹಾಡೇ ಊರುಗೋಲು. ಅಲ್ಲಿ ಧಾರಾವಾಹಿಗೆ ಡ್ರಾಮಾ ಎನ್ನುತ್ತಾರೆ, ಅದರ ಹಾಡಿಗೆ ಓಎಸ್‌ಟಿ. ಡ್ರಾಮಾಕ್ಕಿಂತ ಮೊದಲೇ ಹಾಡು ಹೊರಬಂದು ಜನರ ಕಿವಿಯಲ್ಲಿ ಜಾಗ ಹಿಡಿದಿರುತ್ತದೆ. ಆಮೇಲೆ ಕಂತಿನ ತಲೆಯಲ್ಲಿ ಅದರದೊಂದು ತುಣುಕು, ನಾಯಕಿ ಸೂಟ್‌ಕೇಸ್ ಹಿಡಿದು ಹೊಸ್ತಿಲು ದಾಟುವಾಗ ಒಂದು ಚರಣ, ಕೊನೆಯಲ್ಲಿ ಬರೀ ಆಲಾಪ. ಕಂತಿಗೆ ಮೂರೇ ಸಲ ಎಂದು ಹಿಡಿದರೂ 23 ಕಂತಿಗೆ 69 ಸಲ. ಬಾಯಿಪಾಠ ಆಗದೆ ಇನ್ನೇನಾದೀತು? ಟಿ.ಎನ್. ಸೀತಾರಾಂ ಅವರ ‘ಮುಕ್ತ’ಕ್ಕೆ ಎಚ್.ಎಸ್. ವೆಂಕಟೇಶಮೂರ್ತಿ ಬರೆದ ಶೀರ್ಷಿಕೆ ಗೀತೆ ಕಿವಿಗೆ ಬಿದ್ದೊಡನೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಓಡಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಹಮ್‌ಸಫರ್’ನ ಹಾಡು ಮೂಲದಲ್ಲಿ ಡ್ರಾಮಾಕ್ಕೆಂದು ಬರೆದದ್ದಲ್ಲ. ಅದು ನಸೀರ್ ತುರಾಬಿ ಅವರ ಗಜಲು, 1971ರಲ್ಲಿ ಢಾಕಾ ಕೈಬಿಟ್ಟುಹೋದ ಸಂಕಟದಲ್ಲಿ ಹುಟ್ಟಿದ್ದು. ಆ ವರ್ಷ ಭಾರತದೊಂದಿಗಿನ ಯುದ್ಧದಲ್ಲಿ ಡಿಸೆಂಬರ್ 16ರಂದು ಪಾಕಿಸ್ತಾನದ ಸುಮಾರು 93,000 ಮಂದಿ ಶರಣಾದರು. ದೇಶ ಎರಡಾಯಿತು. ಅಷ್ಟು ದೊಡ್ಡ ಬಿರುಕನ್ನು ಕವಿ ಕೆಲವೇ ದ್ವಿಪದಿಗಳಲ್ಲಿ ಹಿಡಿದರು. ಅದರಲ್ಲಿ ಸೈನ್ಯವೂ ಇಲ್ಲ, ಗಡಿಯೂ ಇಲ್ಲ. ಜೊತೆಗಿದ್ದವರು ದೂರವಾದ ನೋವೊಂದೇ ಇದೆ. ಅಬಿದಾ ಪರ್ವೀನ್ ಅದನ್ನು ಹಿಂದೆಯೇ ಹಾಡಿದ್ದರು. ನಲವತ್ತು ವರ್ಷದ ನಂತರ ವಕಾರ್ ಅಲಿ ಅದಕ್ಕೆ ರಾಗ ಕೂಡಿಸಿದರು, ಕುರತುಲೈನ್ ಬಲೋಚ್ ದನಿ ಕೊಟ್ಟರು. ಫವಾದ್ ಖಾನ್ ಮತ್ತು ಮಾಹಿರಾ ಖಾನ್ ಗಂಡ-ಹೆಂಡತಿಯಾಗಿದ್ದ ಮನೆಯೊಳಗೆ ಅದು ಸಂಶಯದ, ಮುನಿಸಿನ ಹಾಡಾಗಿ ಸೇರಿಕೊಂಡಿತು.

2014ರ ಜೂನ್ 23ರಂದು ಜೀ ಸಮೂಹ ‘ಜಿಂದಗಿ’ ವಾಹಿನಿ ಶುರುಮಾಡಿತು. ಆ ವರ್ಷವೇ ‘ಹಮ್‌ಸಫರ್’ ದೆಹಲಿಯ ಮನೆಗಳಿಗೆ ಬಂತು. ಅಲ್ಲಿ ವಾರಕ್ಕೊಂದರಂತೆ ಐದು ತಿಂಗಳಿಗೂ ಹೆಚ್ಚು ಕಾಲ ಕಾಯಿಸಿ ಕಾಯಿಸಿ ತೋರಿಸಿದ್ದನ್ನು ಇಲ್ಲಿ ದಿನಕ್ಕೊಂದರಂತೆ ತಿಂಗಳೊಳಗೆ ಮುಗಿಸಿದರು. ಲಜಪತ್ ನಗರದಲ್ಲಿ, ದ್ವಾರಕಾದಲ್ಲಿ, ನೊಯ್ಡಾದ ಬಹುಮಹಡಿ ಕಟ್ಟಡಗಳಲ್ಲಿ ಹಾಡು ಗುನುಗುವವರು ಹುಟ್ಟಿಕೊಂಡರು. ಡಿಸೆಂಬರ್ 16 ನಮಗೆ ವಿಜಯ ದಿವಸ. ಆ ಯುದ್ಧ ಗೆದ್ದ ರಾಜಧಾನಿ, ನಲವತ್ತಮೂರು ವರ್ಷದ ಮೇಲೆ, ಸೋತ ಕಡೆಯ ಶೋಕವನ್ನು ಸಂಸಾರದ ಮುನಿಸಿನ ಹಾಡೆಂದುಕೊಂಡು ಮನಸಾರೆ ಹಾಡಿಕೊಂಡಿತು. ಇದರಲ್ಲಿ ಯಾರದೂ ತಪ್ಪಿಲ್ಲ. ಗಜಲಿನ ಕಸುಬೇ ಅದು: ಯಾರ ಅಗಲಿಕೆ ಎಂದು ಅದು ಹೆಸರಿಟ್ಟು ಹೇಳುವುದಿಲ್ಲ.

ನಮ್ಮವರಿಗೆ ಇನ್ನೂ ಒಂದು ವಿಷಯ ಹೇಳಬೇಕು. ನಸೀರ್ ತುರಾಬಿ ಹುಟ್ಟಿದ್ದು 1945ರಲ್ಲಿ, ನಿಜಾಮರ ಹೈದರಾಬಾದಿನಲ್ಲಿ. ಆ ಸಂಸ್ಥಾನದ 16 ಜಿಲ್ಲೆಗಳಲ್ಲಿ ಬೀದರ್, ಕಲಬುರಗಿ, ರಾಯಚೂರು ಸೇರಿದ್ದವು. ಆ ಮೂರು ಜಿಲ್ಲೆಗಳ ಇವತ್ತಿನ ಹಿರಿಯ ಅಜ್ಜಂದಿರು ಯಾವ ಸರ್ಕಾರದ ಕೆಳಗೆ ಹುಟ್ಟಿದರೋ ಈ ಕವಿಯೂ ಅದೇ ಸರ್ಕಾರದ ಕೂಸು. ಅವರು 2021ರ ಜನವರಿಯಲ್ಲಿ ಕರಾಚಿಯಲ್ಲಿ ತೀರಿಕೊಂಡರು.

ಮರುತಿಂಗಳೇ, 2021ರ ಫೆಬ್ರವರಿಯಲ್ಲಿ, ಪಾಕಿಸ್ತಾನದ ಜಿಯೊ ವಾಹಿನಿ ‘ಖುದಾ ಔರ್ ಮೊಹಬ್ಬತ್’ನ ಮೂರನೆಯ ಭಾಗ ಶುರುಮಾಡಿತು. ಅದರ ಹಾಡಿಗೆ ರಾಹತ್ ಫತೇ ಅಲಿ ಖಾನ್ ಅವರ ಕಂಠ. ಯೂಟ್ಯೂಬಿನಲ್ಲಿ ಆ ಹಾಡು ಹತ್ತು ಕೋಟಿ ನೋಟ ದಾಟಿತು. ಹತ್ತು ಕೋಟಿ ಎಂದರೆ ನಾಲಿಗೆಗೆ ಹಗುರ, ತಲೆಗೆ ಹತ್ತುವುದಿಲ್ಲ. ಹೀಗೆ ಲೆಕ್ಕ ಹಾಕಿ: ಪ್ರತಿ ಸಲವೂ ಐದು ನಿಮಿಷ ಕೇಳಿದರೆಂದರೆ 50 ಕೋಟಿ ನಿಮಿಷ. ವರ್ಷಕ್ಕೆ 5,25,600 ನಿಮಿಷದಂತೆ ಭಾಗಿಸಿದರೆ ಸುಮಾರು 950 ವರ್ಷ. 1076ರಲ್ಲಿ ಆರನೆಯ ವಿಕ್ರಮಾದಿತ್ಯ ಕಲ್ಯಾಣದ ಸಿಂಹಾಸನ ಏರಿದ ದಿನ ಒಬ್ಬ ಕೇಳಲು ಕೂತಿದ್ದರೆ, ಊಟ ನಿದ್ದೆ ಬಿಟ್ಟು ಕೇಳಿದ್ದರೆ, ಚಾಲುಕ್ಯರು ಹೋಗಿ, ಬಹಮನಿಗಳು ಹೋಗಿ, ವಿಜಯನಗರ ಹಾಳಾಗಿ, ಬ್ರಿಟಿಷರು ಬಂದು ಹೋಗಿ, ಈಗಷ್ಟೇ ಅವನು ಮುಗಿಸುವ ಹಂತಕ್ಕೆ ಬರುತ್ತಿದ್ದ. ಇದು ಒಂದೇ ಒಂದು ಹಾಡಿನ ಕಥೆ, ಅದರಲ್ಲೂ ಮೊದಲ ಹತ್ತು ಕೋಟಿಯದು ಮಾತ್ರ.

ಇಷ್ಟೊಂದು ಕಿವಿಗಳು ಎಲ್ಲಿಂದ ಬಂದವು? ಪಾಕಿಸ್ತಾನದ 2023ರ ಜನಗಣತಿಯಲ್ಲಿ ಉರ್ದು ಮನೆಮಾತು ಎಂದು ಬರೆಸಿದವರು ನೂರಕ್ಕೆ ಒಂಬತ್ತು ಚಿಲ್ಲರೆ, ಅಂದರೆ ಸುಮಾರು 2 ಕೋಟಿ 22 ಲಕ್ಷ. ಭಾರತದ 2011ರ ಜನಗಣತಿಯಲ್ಲಿ ಅದೇ ಸಂಖ್ಯೆ 5 ಕೋಟಿ 7 ಲಕ್ಷ, ಎರಡು ಪಟ್ಟಿಗೂ ಹೆಚ್ಚು. ಉರ್ದುವಿನ ತವರೆಂದು ಹೆಸರಾದ ದೆಹಲಿಯಲ್ಲಿ ಹಾಗೆ ಬರೆಸಿದವರು ನೂರಕ್ಕೆ ಐವರು, ಎಂಟೂವರೆ ಲಕ್ಷದ ಆಸುಪಾಸು. ಕರ್ನಾಟಕದಲ್ಲಿ? 66 ಲಕ್ಷ. ಜಾಮಾ ಮಸೀದಿ, ಬಲ್ಲೀಮಾರಾನ್, ಜಾಮಿಯಾ ನಗರ ಎಲ್ಲ ಸೇರಿಸಿದರೂ ಉರ್ದು ಮನೆಮಾತಿನವರು ದೆಹಲಿಗಿಂತ ನಮ್ಮಲ್ಲಿ ಏಳೆಂಟು ಪಟ್ಟು.

ಹಾಗಾದರೆ ದೆಹಲಿಯಲ್ಲಿ ಈ ಹಾಡುಗಳನ್ನು ಕೇಳುತ್ತಿದ್ದವರಲ್ಲಿ ಹೆಚ್ಚಿನವರು ಉರ್ದು ಲಿಪಿ ಓದಲಾರದವರು. ಹಿಂದಿ, ಪಂಜಾಬಿ ಮನೆಗಳವರು, ನಡುವೆ ನಮ್ಮಂಥ ಒಂದಿಷ್ಟು ಕನ್ನಡದವರು. ಅರ್ಧ ಅರ್ಥವಾಗುತ್ತದೆ, ಉಳಿದರ್ಧವನ್ನು ರಾಗ ಹೊತ್ತು ತರುತ್ತದೆ. (ಪೂರ್ತಿ ಅರ್ಥವಾದ ಮೇಲೆ ಕೆಲವು ಓಎಸ್‌ಟಿಗಳ ರುಚಿ ಕೆಡುವುದೂ ಉಂಟು, ಎಲ್ಲರೂ ತುರಾಬಿ ಅಲ್ಲವಲ್ಲ.) ದೂರದ ಲೆಕ್ಕವೂ ಸೋಜಿಗದ್ದೇ. ಡ್ರಾಮಾಗಳ ದೊಡ್ಡ ಕಾರ್ಖಾನೆಯಾದ ಕರಾಚಿ ದೆಹಲಿಯಿಂದ ಆಕಾಶಮಾರ್ಗದಲ್ಲಿ ಸುಮಾರು 1,100 ಕಿ.ಮೀ. ಲಾಹೋರ್ ಬರೀ 430. ಬೆಂಗಳೂರು 1,740! ದೆಹಲಿ ಕನ್ನಡಿಗನ ಕಿವಿಗೆ ತವರಿನ ಧಾರಾವಾಹಿಗಿಂತ ಕರಾಚಿಯ ಹಾಡು ಆರುನೂರು ಕಿ.ಮೀ. ಹತ್ತಿರ.

ಈ ಚಟ ಹಳೆಯದು. 1980ರ ದಶಕದಲ್ಲಿ ‘ತನ್ಹಾಯಿಯಾಂ’, ‘ಧೂಪ್ ಕಿನಾರೆ’ ದೆಹಲಿಯ ವಿಡಿಯೊ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತಿದ್ದವು. ಎರಡನ್ನೂ ಬರೆದ ಹಸೀನಾ ಮೊಯಿನ್ ಹುಟ್ಟಿದ್ದು ಕಾನ್ಪುರದಲ್ಲಿ. ‘ತನ್ಹಾಯಿಯಾಂ’ 13 ಕಂತಿನದು, ಮೂರು ಗಂಟೆಯ ನಾಲ್ಕು ಕ್ಯಾಸೆಟ್ಟಿನಲ್ಲಿ ಆರಾಮವಾಗಿ ಹಿಡಿಸುತ್ತಿತ್ತು. ಆ ನಾಲ್ಕು ಕ್ಯಾಸೆಟ್ಟು ಎಷ್ಟು ಮನೆ ಸುತ್ತಿದವೋ ಲೆಕ್ಕ ಇಟ್ಟವರಿಲ್ಲ. ಈಗ ಮೆಟ್ರೊ ಇದೆ. ಹಳದಿ ಮಾರ್ಗದಲ್ಲಿ ಸಮಯಪುರ ಬಾದ್ಲಿಯಿಂದ ಗುರುಗ್ರಾಮದ ಮಿಲೇನಿಯಂ ಸಿಟಿ ಸೆಂಟರ್‌ವರೆಗೆ 49 ಕಿ.ಮೀ., 37 ನಿಲ್ದಾಣ, ಹೆಚ್ಚುಕಡಿಮೆ ಒಂದೂವರೆ ಗಂಟೆ. ಐದು ನಿಮಿಷದ ಹಾಡುಗಳಾದರೆ ಹದಿನೆಂಟು. ರಾಜೀವ್ ಚೌಕದ ನೂಕುನುಗ್ಗಲಲ್ಲಿ ನಿಂತೇ ಒಬ್ಬಾಕೆ ಹದಿನೆಂಟು ಪ್ರೇಮಭಂಗ ಅನುಭವಿಸಿ, ಕಚೇರಿಗೆ ಹೋಗಿ ಎಕ್ಸೆಲ್ ತೆರೆದು ಕೂರಬಹುದು.

ಈ ಚಟಕ್ಕೆ ಎರಡು ಸಲ ಬೀಗ ಬಿತ್ತು. 2016ರ ಸೆಪ್ಟೆಂಬರಿನಲ್ಲಿ, ಉರಿ ದಾಳಿಯ ನಂತರ, ಜಿಂದಗಿ ವಾಹಿನಿ ಪಾಕಿಸ್ತಾನಿ ಡ್ರಾಮಾಗಳನ್ನು ಕೈಬಿಟ್ಟಿತು. ಅವುಗಳ ಟಿವಿ ಆಯುಷ್ಯ ಎರಡು ವರ್ಷ ಮೂರು ತಿಂಗಳು. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಉಗ್ರರು 26 ಜನರನ್ನು ಕೊಂದ ಮೇಲೆ ಕೇಂದ್ರ ಸರ್ಕಾರ ಮೊದಲು ತಡೆದದ್ದು ಸುದ್ದಿಯವೇ ಹೆಚ್ಚಾಗಿದ್ದ 16 ಯೂಟ್ಯೂಬ್ ವಾಹಿನಿಗಳನ್ನು. ಅವುಗಳ ಚಂದಾದಾರರ ಒಟ್ಟು ಲೆಕ್ಕ 6 ಕೋಟಿ 30 ಲಕ್ಷ, 2011ರ ಇಡೀ ಕರ್ನಾಟಕದ ಜನಸಂಖ್ಯೆಗಿಂತ ಹೆಚ್ಚು. ಹಿಂದೆಯೇ ಡ್ರಾಮಾ ವಾಹಿನಿಗಳೂ ಮರೆಯಾದವು. ಮೇ 8ರಂದು ಪಾಕಿಸ್ತಾನ ಮೂಲದ ಸಿನಿಮಾ, ಸರಣಿ, ಹಾಡು, ಪಾಡ್‌ಕಾಸ್ಟ್ ಎಲ್ಲವನ್ನೂ ನಿಲ್ಲಿಸುವಂತೆ ಓಟಿಟಿಗಳಿಗೆ ಸೂಚನೆ ಹೋಯಿತು. 26 ಹೆಣಗಳ ಎದುರು ಹಾಡಿನ ನಷ್ಟವನ್ನು ಎತ್ತಿ ಆಡಲು ನನಗೆ ಮನಸ್ಸಿಲ್ಲ.

ಆದರೆ ಆ ಗಜಲು ದೆಹಲಿಯ ಮಗ್ಗುಲಲ್ಲೇ ಇದೆ. ನೊಯ್ಡಾದ ರೇಖ್ತಾ ಪ್ರತಿಷ್ಠಾನ 2013ರಿಂದ ನಡೆಸುತ್ತಿರುವ ಕಾವ್ಯ ತಾಣದಲ್ಲಿ ನಸೀರ್ ತುರಾಬಿಯ ಪದಗಳು ಉರ್ದು, ನಾಗರಿ, ರೋಮನ್ ಮೂರೂ ಲಿಪಿಗಳಲ್ಲಿ ಸಿಗುತ್ತವೆ. ಪದದ ಮೇಲೆ ಬೆರಳಿಟ್ಟರೆ ಅರ್ಥವೂ ಬರುತ್ತದೆ. ರಾಗವನ್ನು ಮಾತ್ರ ಅವರವರೇ ಕೂಡಿಸಿಕೊಳ್ಳಬೇಕು. 69 ಸಲ ಕೇಳಿದವರಿಗೆ ಅದೇನೂ ಕಷ್ಟವಲ್ಲ.