ಬಿಚ್ಚಲೆಂದೇ ಮಾಡಿದ ಎಂಜಿನ್

ಹಳೆಯ ಬಜಾಜ್ ಸ್ಕೂಟರಿನ ಎಂಜಿನ್ನಿಗೆ ವಾಲ್ವ್ ಇಲ್ಲ ಎನ್ನುವುದು ರೂಢಿಯ ಮಾತು. ಅದು ಅರ್ಧ ನಿಜ. ಸ್ಪ್ರಿಂಗ್ ಹಾಕಿದ ವಾಲ್ವ್ ಅದರಲ್ಲಿಲ್ಲ. ಆದರೆ ಕ್ರ್ಯಾಂಕಿನ ದುಂಡನೆಯ ತೂಕವೇ ಅಲ್ಲಿ ಬಾಗಿಲಾಗಿ ದುಡಿಯುತ್ತದೆ. ಕಾರ್ಬ್ಯುರೇಟರಿನಿಂದ ಇಳಿದ ಗಾಳಿ-ಪೆಟ್ರೋಲು ಕೇಸಿಂಗಿನೊಳಗೆ ಹೋಗುವ ಕಿಂಡಿಯ ಎದುರು ಆ ದುಂಡಂಚು ಸುತ್ತುತ್ತಿರುತ್ತದೆ. ಅಂಚಿನಲ್ಲಿ ಕಡಿದು ತೆಗೆದ ಭಾಗ ಎದುರಾದಾಗ ಕಿಂಡಿ ತೆರೆಯುತ್ತದೆ, ತುಂಬಿದ ಭಾಗ ಬಂದಾಗ ಮುಚ್ಚುತ್ತದೆ. ಮುಚ್ಚುವುದಕ್ಕೆ ರಬ್ಬರಿಲ್ಲ, ರಿಂಗಿಲ್ಲ. ಉಕ್ಕಿನ ಅಂಚಿಗೂ ಕಿಂಡಿಯ ಸುತ್ತಲಿನ ಅಲ್ಯೂಮಿನಿಯಂ ಹಾಸಿಗೂ ನಡುವೆ ಇರುವುದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲಿನ ಸಂದು, ಆ ಸಂದಿನಲ್ಲಿ ನಿಂತ ಎಣ್ಣೆಯ ಪದರ. ರೋಟರಿ ವಾಲ್ವ್ ಎಂದು ಕರೆಯುವ ಈ ಏರ್ಪಾಟು ಎಷ್ಟು ಸರಳವೋ ಅಷ್ಟೇ ನಾಜೂಕು. ಹಳೆಯ ಸ್ಕೂಟರೊಂದು ಮತ್ತೆ ರಸ್ತೆಗಿಳಿಯುತ್ತದೆಯೋ, ಗುಜರಿಗೆ ಹೋಗುತ್ತದೆಯೋ ಎಂಬುದನ್ನು ಎಷ್ಟೋ ಸಲ ಈ ಹಾಸಿನ ಸ್ಥಿತಿಯೇ ತೀರ್ಮಾನಿಸುತ್ತದೆ.

ಬಾಗಲಕೋಟೆ ಜಿಲ್ಲೆಯ ದೂಳು ಈ ಹಾಸಿನ ಹಗೆ. ಇಲ್ಲಿನ ಇಳಕಲ್ಲಿನ ಕೆಂಪು ಗ್ರಾನೈಟಿಗೆ ದೇಶದಾಚೆಯೂ ಹೆಸರಿದೆ. ಆ ಕಲ್ಲಿನ ಪುಡಿಯಲ್ಲಿ ಬೆಣಚಿನ ಅಂಶವಿದೆ, ಬೆಣಚು ಅಲ್ಯೂಮಿನಿಯಮ್ಮಿಗಿಂತ ಎಷ್ಟೋ ಪಾಲು ಗಡಸು. ಏರ್ ಫಿಲ್ಟರ್ ಹರಿದು ದೂಳು ಒಳಹೊಕ್ಕರೆ, ಅಥವಾ ಬೇರಿಂಗಿನ ಚೂರೊಂದು ಒಳಗೆ ಸಿಡಿದರೆ, ಹಾಸಿನ ಮೇಲೆ ಗೀರು ಬೀಳುತ್ತದೆ. ಬಾಗಿಲು ಸರಿಯಾಗಿ ಮುಚ್ಚದ ಎಂಜಿನ್ ಪೆಟ್ರೋಲನ್ನು ಕಾರ್ಬ್ಯುರೇಟರಿನತ್ತ ವಾಪಸು ಉಗುಳುತ್ತದೆ. ಗಾಡಿಯನ್ನು ಎಷ್ಟು ವಾಲಿಸಿ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಇಲ್ಲಿ ಮೆಕ್ಯಾನಿಕ್ಕನ ಮುಂದೆ ಮೂರು ದಾರಿಗಳಿವೆ. ಬೇರೆ ಕೇಸಿಂಗ್ ಹುಡುಕುವುದು ಒಂದು. ಗೀರಿಗೆ ಅಲ್ಯೂಮಿನಿಯಂ ವೆಲ್ಡಿಂಗ್ ತುಂಬಿ, ಲೇತಿನಲ್ಲಿ ಮತ್ತೆ ಹದಕ್ಕೆ ಕೊರೆಸುವುದು ಇನ್ನೊಂದು. ಕೆಟ್ಟ ಹಾಸನ್ನೇ ಕಡಿದು ತೆಗೆದು, ಅಲ್ಲಿ ತೆಳು ಪಟ್ಟಿಗಳ ರೀಡ್ ವಾಲ್ವ್ ಕೂರಿಸುವುದು ಮೂರನೆಯದು. ಕಾನ್ಪುರದ ಎಲ್‌ಎಂಎಲ್ ಕಂಪನಿ ಬಜಾಜಿನಂತೆಯೇ ಇಟಲಿಯ ವೆಸ್ಪಾದಿಂದ ಬಂದ ಎಂಜಿನ್ನಿಗೆ ರೀಡ್ ವಾಲ್ವ್ ಕೂರಿಸಿಯೇ ಗಾಡಿಗಳನ್ನು ಮಾರಿತ್ತು. ಎಂಜಿನ್ ಒಳಗಿನ ಒತ್ತಡಕ್ಕೆ ತಕ್ಕಂತೆ ಪಟ್ಟಿ ತಾನೇ ತೆರೆದು ಮುಚ್ಚುವುದರಿಂದ ವಾಪಸು ಉಗುಳುವ ಚಾಳಿ ತಗ್ಗುತ್ತದೆ, ಕಡಿಮೆ ವೇಗದಲ್ಲಿ ಎಳೆತವೂ ಹದವಾಗುತ್ತದೆ. ಈ ಮೂರನೆಯ ಕೆಲಸವನ್ನು ದುರಸ್ತಿ ಎನ್ನಬೇಕೇ, ಸುಧಾರಣೆ ಎನ್ನಬೇಕೇ? ಕೆಟ್ಟಿದ್ದಕ್ಕೇ ಕೈ ಹಾಕಿದ್ದು, ಆದರೆ ಸರಿಮಾಡಿದ ಮೇಲೆ ಮೊದಲಿಗಿಂತ ಒಳ್ಳೆಯದಾಯಿತು. ಹಳೆಯ ಸ್ಕೂಟರಿನ ಮಟ್ಟಿಗೆ ಇವೆರಡರ ನಡುವೆ ಗೆರೆ ಎಳೆಯಲು ಹೊರಡುವುದೇ ತಪ್ಪು ಎಂಬುದು ಈ ಲೇಖನದ ವಾದ.

ಈ ವಾದಕ್ಕೆ ಬೇಕಾದ ಚರಿತ್ರೆ ಇಷ್ಟೇ. 1946ರಲ್ಲಿ ಇಟಲಿಯಲ್ಲಿ ವೆಸ್ಪಾ, ಮರುವರ್ಷ ಲ್ಯಾಂಬ್ರೆಟ್ಟಾ ಹುಟ್ಟಿದವು. ಲ್ಯಾಂಬ್ರೆಟ್ಟಾ ಮುಂಬಯಿಯ ಎಪಿಐ ಕಂಪನಿಯ ಮೂಲಕ ಇಲ್ಲಿಗೆ ಬಂತು; ಆಮೇಲೆ ಸರ್ಕಾರದ ಲಖನೌ ಕಾರ್ಖಾನೆಯಲ್ಲಿ ವಿಜಯ್ ಸೂಪರ್ ಆಯಿತು. ವೆಸ್ಪಾ ಪುಣೆಯ ಬಜಾಜ್ ಕೈಗೆ ಬಂತು. 1971ರಲ್ಲಿ ಇಟಲಿಯ ಒಪ್ಪಂದ ಮುಗಿದ ಮೇಲೆ 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರಿನ ಚೇತಕ್ ಬಂತು. ಹೊಸ ಗಾಡಿಗಾಗಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಹಾಗಾಗಿ ಕೊಂಡ ಗಾಡಿ ಮುದಿಯಾದರೆ ಬದಲಿಸುವ ಮಾತಿರಲಿಲ್ಲ, ಬಿಚ್ಚಿ ಕಟ್ಟುವ ಮಾತೇ. ಎಂಜಿನ್ ಮಾಡಿದವರಿಗೂ ಇದು ಗೊತ್ತಿತ್ತು. ಚೇತಕ್ಕಿನ ಬೋರ್ 57 ಮಿ.ಮೀ., ಸ್ಟ್ರೋಕ್ 57 ಮಿ.ಮೀ., ಒಟ್ಟು 145.45 ಸಿ.ಸಿ. ಆದರೆ ಅಂಗಡಿಯಲ್ಲಿ ಸಿಗುತ್ತಿದ್ದುದು 57ರ ಪಿಸ್ಟನ್ ಮಾತ್ರವಲ್ಲ, ಒಂದೊಂದು ರಿಬೋರಿಗೂ ತುಸು ದೊಡ್ಡದಾದ ಓವರ್‌ಸೈಜ್ ಪಿಸ್ಟನ್ನುಗಳ ಸಾಲೇ ಇತ್ತು. ಸವೆದಾಗ ಕೊರೆಸು, ದೊಡ್ಡ ಪಿಸ್ಟನ್ ಹಾಕು ಎಂಬುದು ಆ ಎಂಜಿನ್ನಿನ ವಿನ್ಯಾಸದಲ್ಲೇ ಅಡಗಿದ್ದ ಸೂಚನೆ. ಎರಡು ಸಲ ಬೋರ್ ಆದ ಸಿಲಿಂಡರಿನಲ್ಲಿ ಕಾರ್ಖಾನೆಯ ಅಳತೆ ಉಳಿದಿರುವುದಿಲ್ಲ. ಹಾಗೆಂದು ಅದನ್ನು ಯಾರೂ ನಕಲಿ ಎನ್ನಲಿಲ್ಲ.

ಬಿಚ್ಚಿ ಕಟ್ಟುವ ಕೆಲಸದಲ್ಲಿ ಕಣ್ಣಿಗೆ ಬೀಳುವುದು ರಿಬೋರ್. ಕಷ್ಟದ ಕೆಲಸ ಕ್ರ್ಯಾಂಕ್. ಅದು ಒಂದೇ ತುಂಡಲ್ಲ. ಎರಡು ತೂಕಗಳನ್ನು ಒಂದು ಪಿನ್ನಿನ ಮೇಲೆ ಒತ್ತಿ ಕೂರಿಸಿರುತ್ತಾರೆ, ಪಿನ್ನಿಗೆ ಕನೆಕ್ಟಿಂಗ್ ರಾಡ್ ಸಿಕ್ಕಿಸಿರುತ್ತಾರೆ. ರಾಡ್ ಸಡಿಲವಾದರೆ ಪ್ರೆಸ್ಸಿನಲ್ಲಿ ಒತ್ತಿ ಬಿಡಿಸಿ, ಹೊಸ ರಾಡ್ ಕಿಟ್ ಹಾಕಿ ಮತ್ತೆ ಒತ್ತಬೇಕು. ಆಮೇಲೆ ಡಯಲ್ ಗೇಜ್ ಹಚ್ಚಿ ತಿರುಗಿಸುತ್ತಾ, ಸೊಟ್ಟ ಕಂಡ ಕಡೆ ತಾಮ್ರದ ಸುತ್ತಿಗೆಯಿಂದ ತಟ್ಟಿ ನೇರ ತರಬೇಕು. ಕ್ರ್ಯಾಂಕಿನ ಅಂಚೇ ಬಾಗಿಲಾಗಿರುವ ಎಂಜಿನ್ನಿನಲ್ಲಿ ಈ ಸೊಟ್ಟವನ್ನು ಹಾಸು ಕ್ಷಮಿಸುವುದಿಲ್ಲ. ಉಳಿದದ್ದು ಬೇಗ ಹೇಳಬಹುದು: ಬೇರಿಂಗ್, ಕ್ಲಚ್ ಪ್ಲೇಟ್, ಎರಡು ಆಯಿಲ್ ಸೀಲ್. ಮ್ಯಾಗ್ನೆಟ್ ಬದಿಯ ಸೀಲ್ ಹರಿದರೆ ಬೇಡದ ಗಾಳಿ ಒಳಸೇರಿ ಪಿಸ್ಟನ್ ಹಿಡಿಯುತ್ತದೆ. ಕ್ಲಚ್ ಬದಿಯದು ಹರಿದರೆ ಗೇರ್ ಆಯಿಲ್ ಉರಿದು ಬಿಳಿ ಹೊಗೆ ಬರುತ್ತದೆ. ಕಿಡಿಯ ಹೊತ್ತನ್ನು ನಿಯಂತ್ರಿಸುವ ಪಾಯಿಂಟ್ ಸೆಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವುದು ಈಗ ಸಾಮಾನ್ಯ. ಸವೆಯುವ ಪಾಯಿಂಟೇ ಇಲ್ಲದ ಮೇಲೆ ಟೈಮಿಂಗ್ ಪದೇ ಪದೇ ಜಾರುವುದಿಲ್ಲ.

ಇಷ್ಟರ ಮೇಲೂ ಸುಧಾರಣೆ ಬೇಡ, ಇದ್ದ ಹಾಗೇ ಇರಲಿ ಎನ್ನುವವರಿಗೆ ಪೆಟ್ರೋಲ್ ಬಂಕೇ ಉತ್ತರ ಕೊಡುತ್ತದೆ. ಈಗ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಮುಧೋಳ ಸೀಮೆಯ ಕಬ್ಬೂ ಅದರಲ್ಲಿ ಪಾಲುದಾರ. ಬಾಗಲಕೋಟೆ ಜಿಲ್ಲೆಯ ರೈತನಿಗೆ ಆದಾಯ ತರುವ ಅದೇ ಎಥೆನಾಲ್ ಹಳೆಯ ಸ್ಕೂಟರಿನ ರಬ್ಬರ್ ಪೈಪು, ವಾಷರುಗಳನ್ನು ಉಬ್ಬಿಸಿ ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಹೀರಿ ತುಕ್ಕು ಹಿಡಿಸುತ್ತದೆ. ಉರಿಯುವ ಲೆಕ್ಕವೂ ಬೇರೆ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ, ಎಥೆನಾಲಿಗೆ ಸುಮಾರು 9 ಪಾಲು ಸಾಕು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಅಳೆದು ಬಿಡುವ ಹಳೆಯ ಜೆಟ್ಟನ್ನೇ ಉಳಿಸಿಕೊಂಡರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಎಂಜಿನ್ ಕಾಯುತ್ತದೆ. ಬೇಸಿಗೆ 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಅದರ ಕೊನೆ ಸೀಜ್ ಆದ ಪಿಸ್ಟನ್. ಆದ್ದರಿಂದ ಎಥೆನಾಲ್ ತಡೆಯುವ ವೈಟಾನ್ ರಬ್ಬರಿನ ಸೀಲ್, ಹೊಸ ಪೈಪು, ಒಂದು ಅಳತೆ ದೊಡ್ಡ ಮೇನ್ ಜೆಟ್ ಶೋಕಿಯಲ್ಲ. ಏನನ್ನೂ ಬದಲಿಸದೆ ಉಳಿಸುತ್ತೇನೆ ಎಂದವನ ಗಾಡಿಯೇ ಮೊದಲು ಕೆಡುವುದು.

ಇದ್ದ ಹಾಗೇ ಇರಲಿ ಎನ್ನುವ ಸಂಗ್ರಾಹಕರ ಆಕ್ಷೇಪಕ್ಕೆ ಕಾನೂನಿನ ಬಲವೂ ಇದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಅದು ಮೂಲರೂಪದಲ್ಲೇ ಇರಬೇಕು, ದಿನಬಳಕೆಗೆ ಓಡಿಸುವಂತಿಲ್ಲ. ಮೊದಲ ಚೇತಕ್‌ಗಳು ಈಗಷ್ಟೇ ಆ ವಯಸ್ಸಿಗೆ ಬಂದಿವೆ. ಮೂಲರೂಪದ ಮೇಲಿನ ಈ ಗೌರವ ಸರಿಯೇ. 63 ಮಿ.ಮೀ. ಬೋರಿನ ಕಿಟ್ ಹಾಕಿ 177 ಸಿ.ಸಿ. ಮಾಡಿದರೆ ಹೆಚ್ಚಿದ ವೇಗವನ್ನು ನಿಲ್ಲಿಸಬೇಕಾದದ್ದು ಅದೇ ಹಳೆಯ ಡ್ರಮ್ ಬ್ರೇಕು, 10 ಇಂಚಿನ ಪುಟ್ಟ ಗಾಲಿ. ಆರ್‌ಸಿ ಪುಸ್ತಕದ ವಿವರವೂ ಸುಳ್ಳಾಗುತ್ತದೆ. ಅದು ಸುಧಾರಣೆಯಲ್ಲ, ಬೇರೊಂದು ಗಾಡಿಯ ಆಸೆ. ಆದರೆ ಮೂಲವನ್ನು ಉಳಿಸಲು ಹೊಸದನ್ನು ಸೇರಿಸುವುದು ಬೇರೆ ಮಾತು. ಹುನಗುಂದದ ಮಗ್ಗುಲಿನ ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಏರಿದಾಗ ಬಸವಣ್ಣನವರ ಐಕ್ಯಮಂಟಪವನ್ನು ಇದ್ದಲ್ಲೇ ಉಳಿಸಿ, ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿದರು. ಆ ಗೋಡೆ ಮೂಲದ್ದಲ್ಲ. ಅದಿಲ್ಲದಿದ್ದರೆ ಮೂಲವೇ ನೀರಿನಡಿ ಇರುತ್ತಿತ್ತು.

ಹೊಗೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಟೂ ಸ್ಟ್ರೋಕ್ ಎಂಜಿನ್ ಉರಿಯದ ಪೆಟ್ರೋಲಿನ ಒಂದು ಪಾಲನ್ನು ಸೈಲೆನ್ಸರಿನಿಂದ ಹೊರಗೆ ಬಿಡುತ್ತದೆ, ಜತೆಗೆ ಎಣ್ಣೆಯನ್ನೂ ಸುಡುತ್ತದೆ. ಊರಿಗೆಲ್ಲ ಇದೇ ಗಾಡಿ ಇರಲಿ ಎಂದು ವಾದಿಸುವುದು ಅಸಾಧ್ಯ, ವಾದಿಸಲೂಬಾರದು. ಆದರೆ ಸವೆದ ಎಂಜಿನ್ನಿಗಿಂತ ಸೀಲ್, ಜೆಟ್, ಟೈಮಿಂಗ್ ಸರಿಯಿರುವ ಎಂಜಿನ್ನು ಕಡಿಮೆ ಹೊಗೆ ಬಿಡುತ್ತದೆ. ಹೇಗೂ ಉಳಿಯಲಿರುವ ಕೆಲವೇ ಗಾಡಿಗಳ ಮಟ್ಟಿಗೆ ಒಳ್ಳೆಯ ಬಿಚ್ಚಿ ಕಟ್ಟುವಿಕೆಯೇ ಪರಿಸರದ ಪರ. ಉಳಿದವರಿಗೆ 2020ರಿಂದ ವಿದ್ಯುತ್ ಚೇತಕ್ ಇದೆ. ಅದಕ್ಕೆ ಹೊಗೆಯಿಲ್ಲ, ಕಿಕ್ಕಿಲ್ಲ. ಊರ ಗ್ಯಾರೇಜಿನ ಬೆಂಚಿನ ಮೇಲೆ ಬಿಚ್ಚುವ ಕೆಲಸವೂ ಇಲ್ಲ. ಕೆಟ್ಟರೆ ಒಂದು ಪೆಟ್ಟಿಗೆ ತೆಗೆದು ಇನ್ನೊಂದು ಪೆಟ್ಟಿಗೆ ಹಾಕುತ್ತಾರೆ.

ನಷ್ಟವಾಗುತ್ತಿರುವುದು ಈ ಬಿಚ್ಚಿ ಕಟ್ಟುವ ಕೈಕೆಲಸ. ಪಿಸ್ಟನ್, ಸೀಲುಗಳು ಇವತ್ತಿಗೂ ಹುಬ್ಬಳ್ಳಿಯಿಂದಲೋ ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ಬಂದಾವು. ಕ್ರ್ಯಾಂಕ್ ಬಿಡಿಸಿ ಮತ್ತೆ ನೇರ ಕೂರಿಸುವ ಕೈ ಪಾರ್ಸೆಲ್ಲಿನಲ್ಲಿ ಬರುವುದಿಲ್ಲ. ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್ಕುಗಳಲ್ಲಿ ಒಂದೊಂದು ಹಳೆಯ ಸ್ಕೂಟರ್ ಎಂಜಿನ್ ಇಟ್ಟು, ಹುಡುಗರಿಂದ ಬಿಚ್ಚಿಸಿ ಕಟ್ಟಿಸಿದರೆ ಖರ್ಚು ಹೆಚ್ಚೇನೂ ಆಗದು. ಅಳತೆ, ಸಂದು, ಕಾವು, ಉಸಿರು ಎಲ್ಲವನ್ನೂ ಬೆರಳ ತುದಿಯಲ್ಲಿ ಕಲಿಸುವ ಇಷ್ಟು ಸಣ್ಣ ಪಾಠ ಬೇರೆ ಸಿಗುವುದು ಕಷ್ಟ. ಯಾರೂ ಕಲಿಯದೆ ಹೋದರೆ ಗಾಡಿಗಳು ನಾಳೆಯೇ ಮಾಯವಾಗುವುದಿಲ್ಲ. ಬಣ್ಣ ಬಳಿಸಿಕೊಂಡು, ಮೂಲರೂಪದ ಪ್ರಮಾಣಪತ್ರ ಹಿಡಿದು ಪ್ರದರ್ಶನಗಳಲ್ಲಿ ನಿಂತಿರುತ್ತವೆ. ಓಡುವುದನ್ನು ಮಾತ್ರ ಬಿಟ್ಟಿರುತ್ತವೆ.